ಕಂಬಕ್ಕೂ ಗೆರೆಗೂ ಒಂದು ಗೇಣು

ಸುಟ್ಟ ಸುಣ್ಣದ ಕಲ್ಲಿಗೆ ನೀರು ಹೊಯ್ದಾಗ ಬುಸ್ಸೆಂದು ಏಳುವ ಬಿಸಿ ಹಬೆ, ಅದರೊಳಗೆ ಬೆರೆತ ಆಗಷ್ಟೇ ಕತ್ತರಿಸಿದ ಹುಲ್ಲಿನ ಘಾಟು. ನನ್ನ ಬಾಲ್ಯದ ಬೆಳಗುಗಳಿಗೆಲ್ಲ ಇದೇ ವಾಸನೆ. ಮೂಗಿನ ತುದಿ ಉರಿಯುತ್ತಿತ್ತು. ಆದರೂ ಬಕೆಟ್ಟಿನ ಪಕ್ಕದಿಂದ ಏಳಲು ಮನಸ್ಸು ಬರುತ್ತಿರಲಿಲ್ಲ.

"ದೂರ ಕೂತ್ಕೋ ಕೂಸೇ. ಕಣ್ಣಿಗೆ ಹಾರಿದ್ರೆ ನಿಮ್ಮಮ್ಮ ಈ ಸುಣ್ಣಾನ ನನ್ನ ಮುಖಕ್ಕೇ ಬಳೀತಾಳೆ" ಎನ್ನುತ್ತಿದ್ದರು ಮಾವ.

ಮಾವ ಎಂದರೆ ಅಮ್ಮನ ಅಣ್ಣ. ಊರಿನ ಫುಟ್‌ಬಾಲ್ ಮೈದಾನದ ಹುಲ್ಲು, ಗೆರೆ, ಬಲೆ, ಗೇಟು ಎಲ್ಲವೂ ಅವರ ಪಾಲಿನ ಕೆಲಸ. ಅಪ್ಪ ತೀರಿಕೊಂಡ ಮೇಲೆ ಅಮ್ಮ ನನ್ನನ್ನು ಕರೆದುಕೊಂಡು ಅಣ್ಣನಲ್ಲಿಗೆ ಬಂದಳು. ಮಾವನ ಮನೆ ಎಂದರೆ ಜನ ಕೂತು ಆಟ ನೋಡುವ ಮರದ ಮೆಟ್ಟಿಲುಗಳ ಅಡಿಯಲ್ಲಿದ್ದ ಎರಡು ಕೋಣೆ, ಅವುಗಳ ಪಕ್ಕದಲ್ಲಿ ಆಟಗಾರರು ಊಟ ಮಾಡುವ ಉದ್ದನೆಯ ಕೋಣೆ. ನಮ್ಮ ಚಾವಣಿಯೇ ಜನರ ಪಾದದಡಿಯ ಹಲಗೆ. ಪಂದ್ಯದ ದಿನ ಅಮ್ಮ ಆಟ ಶುರುವಾಗುವ ಮೊದಲೇ ಹಾಲು, ಹಿಟ್ಟು, ನೀರು ಎಲ್ಲಕ್ಕೂ ಮುಚ್ಚಳ ಹಾಕಿಬಿಡುತ್ತಿದ್ದಳು. ಮೈದಾನದ ಕಡೆ ಇಣುಕಿಯೂ ನೋಡದೆ ಗೋಲು ಯಾರದೆಂದು ಹೇಳುತ್ತಿದ್ದಳು. ನಮ್ಮವರು ಹೊಡೆದರೆ ಚಾವಣಿಯಿಂದ ಧೂಳು ಬೀಳುತ್ತದೆ, ಅವರು ಹೊಡೆದರೆ ಬೀಳುವುದಿಲ್ಲ. ಅವಳ ಫುಟ್‌ಬಾಲ್ ಜ್ಞಾನ ಅಷ್ಟೇ. ಅದು ಒಮ್ಮೆಯೂ ತಪ್ಪಿದ್ದಿಲ್ಲ.

ಆ ನೆಲ ಮೊದಲು ಆಟದ್ದಾಗಿರಲಿಲ್ಲ. ಪಕ್ಕದಲ್ಲಿದ್ದ, ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯವರು ತೊಳೆದ ಬಟ್ಟೆ ಹಾಸಿ ಒಣಗಿಸುತ್ತಿದ್ದ ಬಯಲು ಅದು. ಥಾನುಗಟ್ಟಲೆ ಬಟ್ಟೆಗೆ ಕೆಸರು ಮೆತ್ತಬಾರದೆಂದು ಅಡಿಯಲ್ಲಿ ಜಲ್ಲಿ ಹಾಕಿ, ಮೇಲೆ ಮಣ್ಣು ಹೊಯ್ದು, ಅಂಗೈಯಂತೆ ಸಪಾಟು ಮಾಡಿದ್ದರು. ಒಣಗಿಸಲು ಯಂತ್ರ ಬಂದಿತು, ಬಯಲು ಖಾಲಿ ಬಿತ್ತು. ಕಾರ್ಖಾನೆಯವರು ಊಟದ ಬಿಡುವಿನಲ್ಲಿ ಚಿಂದಿ ಸುತ್ತಿದ ಚೆಂಡು ಒದೆಯತೊಡಗಿದರು. ಒದೆಯುವವರಿಗಿಂತ ಬದಿಯಲ್ಲಿ ನಿಂತು ಬುದ್ಧಿ ಹೇಳುವವರು ಹೆಚ್ಚಾದಾಗ ಕ್ಲಬ್ಬು ಹುಟ್ಟಿತು. ಯುದ್ಧದ ಕಾಲದಲ್ಲಿ ಸೈನಿಕರು ಒಂದು ಚಳಿಗಾಲವಿಡೀ ಅಲ್ಲಿ ಕುದುರೆ ಕಟ್ಟಿದ್ದರಂತೆ. ಆಟ ನಿಂತುಹೋಯಿತೆಂದು ಊರೆಲ್ಲ ಗೊಣಗಿತು. ಆದರೆ ಕುದುರೆಗಳು ಬಿಟ್ಟುಹೋದ ಗೊಬ್ಬರಕ್ಕೆ ಮರುವರ್ಷ ಎಂಥ ಹುಲ್ಲು ಬಂತೆಂದರೆ, "ಅದರ ಮೇಲೆ ಬಿದ್ದು ಸೋಲೋದೂ ಒಂದು ಸುಖ" ಎಂದು ಹಳಬರು ನಾನು ದೊಡ್ಡವಳಾಗುವವರೆಗೂ ಹೇಳುತ್ತಿದ್ದರು. ಮೆಟ್ಟಿಲುಗಳನ್ನು ಕಟ್ಟಿದ್ದು ಕಾರ್ಖಾನೆಗೆ ಬಣ್ಣದ ಡಬ್ಬ ಬರುತ್ತಿದ್ದ ಪೆಟ್ಟಿಗೆಗಳ ಹಲಗೆಯಿಂದ. ಅವುಗಳ ಮೇಲಿನ ಅಚ್ಚಿನ ಅಕ್ಷರಗಳು ನಮ್ಮ ಚಾವಣಿಯಲ್ಲಿ ಉಳಿದುಕೊಂಡಿದ್ದವು. ನಾನು ಅಕ್ಷರ ಕಲಿತದ್ದು ಹಾಸಿಗೆಯಲ್ಲಿ ಅಂಗಾತ ಮಲಗಿ, ಅವನ್ನು ನೋಡಿ. ಅರ್ಧ ಹಲಗೆಗಳನ್ನು ತಲೆಕೆಳಗಾಗಿ ಹೊಡೆದಿದ್ದರಿಂದ ಶಾಲೆಗೆ ಸೇರಿದ ಮೇಲೆ ಕೆಲವನ್ನು ಮತ್ತೆ ಕಲಿಯಬೇಕಾಯಿತು.

ಈಗ ಅಲ್ಲಿ ಹುಲ್ಲಿಲ್ಲ. ಹಸಿರು ಪ್ಲಾಸ್ಟಿಕ್ಕಿನ ಹಾಸು ಸುರುಳಿ ಸುರುಳಿಯಾಗಿ ಲಾರಿಯಲ್ಲಿ ಬಂತು. ಬಿಳಿ ಗೆರೆಗಳು ಅದರಲ್ಲೇ ನೇಯ್ದುಕೊಂಡು ಬಂದಿದ್ದವು. ಬಟ್ಟೆ ಹಾಸುತ್ತಿದ್ದ ನೆಲ ಮತ್ತೆ ಹಾಸಿಗೇ ಬಂದು ನಿಂತಿತು. ಒಳ್ಳೆಯದೇ. ಮಕ್ಕಳ ಮೊಣಕಾಲು ತರಚುವುದು ಕಡಿಮೆಯಾಗಿದೆಯಂತೆ.

ಆ ಮೈದಾನಕ್ಕೆ ತನ್ನದೇ ಒಂದು ಪದ್ಧತಿ ಇತ್ತು. ಪಂದ್ಯ ಮುಗಿದ ಮೇಲೆ ಎರಡೂ ತಂಡಗಳು ಆ ಉದ್ದನೆಯ ಕೋಣೆಯಲ್ಲಿ ಒಟ್ಟಿಗೆ ಊಟ ಮಾಡಬೇಕು. ಸೋತವರಿಗೆ ಮೊದಲು ತಟ್ಟೆ, ಅದೂ ಗೆದ್ದವರ ಕೈಯಿಂದ. ಯಾರು ಯಾವಾಗ ಶುರು ಮಾಡಿದರೋ ಗೊತ್ತಿಲ್ಲ. ಹಿಂದೊಮ್ಮೆ ಹೀನಾಯವಾಗಿ ಸೋತ ತಂಡವೊಂದರ ಬಂಡಿಯ ಗಾಲಿ ಮುರಿದು, ಅವರು ಹಸಿದುಕೊಂಡು ಗೇಟಿನ ಬಳಿ ಕೂತಿದ್ದಾಗ ನಮ್ಮವರು ತಮ್ಮ ಊಟ ಎತ್ತಿಕೊಟ್ಟರು ಎಂಬ ಕಥೆಯಿತ್ತು. ತಟ್ಟೆ ಕೊಡುವಾಗ ಮಾತಾಡುವಂತಿಲ್ಲ. ಸಮಾಧಾನ ಹೇಳುವಂತಿಲ್ಲ, ಚುಚ್ಚುವಂತೆಯೂ ಇಲ್ಲ. ತಟ್ಟೆ ಕೈಗಿಟ್ಟು ಸರಿದು ನಿಲ್ಲಬೇಕು. ಸೋತವನು ಮೊದಲ ತುತ್ತು ನುಂಗಿದ ಮೇಲೆ ಎಲ್ಲರಿಗೂ ಬಾಯಿ. ಅಮ್ಮ ಮಾಡುತ್ತಿದ್ದದ್ದು ಬ್ರೆಡ್ಡು, ತರಕಾರಿ ಸೂಪು, ಬೇಯಿಸಿದ ಆಲೂಗಡ್ಡೆ, ಮೊಟ್ಟೆ. "ನಿಮ್ಮಲ್ಲಿ ಸೋತ್ರೂ ಹೊಟ್ಟೆ ತುಂಬುತ್ತೆ ಅಕ್ಕಾ" ಎಂದು ಬೇರೆ ಊರಿನವರು ಅವಳಿಗೆ ಹೇಳಿ ಹೋಗುತ್ತಿದ್ದರು.

ಗೆರೆ ಎಳೆಯುವುದರಲ್ಲಿ ಮಾವನಿಗೆ ಸ್ವಲ್ಪ ಜಂಭವಿತ್ತು. ಬೇರೆ ಮೈದಾನಗಳಲ್ಲಿ ಗೂಟ ಹೊಡೆದು, ಹಗ್ಗ ಕಟ್ಟಿ, ಅದರ ಗುಂಟ ಎಳೆಯುತ್ತಾರೆ. ಮಾವ ಹಗ್ಗ ಮುಟ್ಟುತ್ತಿರಲಿಲ್ಲ. ಅವರದು ಅವಸರದ ಕೈ, ಸುಣ್ಣ ಪೂರ್ತಿ ಅರಳುವ ಮೊದಲೇ ಗೆರೆ ಎಳೆಯುವ ಗಾಡಿಗೆ ಸುರಿಯುವವರು. ಆ ಬಿಸಿಗೆ ಗೆರೆಯ ಅಡಿಯ ಹುಲ್ಲು ಸುಟ್ಟು, ಮಳೆಗೆ ಬಿಳಿ ತೊಳೆದುಹೋದರೂ ಕಂದು ಕಲೆ ಹಾಗೇ ನಿಲ್ಲುತ್ತಿತ್ತು. ಮುಂದಿನ ಸಲ ಆ ಕಲೆಯ ಮೇಲೇ ಗಾಡಿ ತಳ್ಳಿದರೆ ಆಯಿತು.

"ಹುಲ್ಲಿಗೇ ನೆನಪಿರುವಾಗ ನನಗ್ಯಾಕೆ ಹಗ್ಗ?" ಎನ್ನುತ್ತಿದ್ದರು.

ನಮ್ಮ ತಂಡದ ಗೋಲು ಕಾಯುವವರನ್ನು, ಬಾಗಿಲಿಗೆ ಬೀಗ ಹಾಕಿದಂತೆ ಎಂದು, ಊರೆಲ್ಲ 'ಬೀಗ' ಎಂದೇ ಕರೆಯುತ್ತಿತ್ತು. ನನಗೆ ಬೀಗಣ್ಣ. ಕಾರ್ಖಾನೆಯಲ್ಲಿ ಬಾಯ್ಲರಿಗೆ ಕಲ್ಲಿದ್ದಲು ಹಾಕುವ ಕೆಲಸ. ಮೊರದಗಲ ಕೈ, ಮಾತು ಮಾತ್ರ ಚಿಟಿಕೆಯಷ್ಟು. ಅವರಿಗೊಂದು ಅಭ್ಯಾಸವಿತ್ತು. ಚೆಂಡು ಹತ್ತಿರ ಬಂದಾಗಲೆಲ್ಲ ಹಿಂದಕ್ಕೆ ಕೈ ಚಾಚಿ ಕಂಬ ಮುಟ್ಟಿಕೊಳ್ಳುತ್ತಿದ್ದರು. ಕತ್ತಲಲ್ಲಿ ಎದ್ದವರು ಗೋಡೆ ತಡವುವ ಹಾಗೆ. ತಾನೆಲ್ಲಿದ್ದೇನೆಂದು ಅವರಿಗೆ ಹೇಳುತ್ತಿದ್ದುದು ಗೆರೆಯಲ್ಲ, ಕಂಬ.

ನಾನು ನಾಲ್ಕನೇ ತರಗತಿಯಲ್ಲಿದ್ದ ವರ್ಷ ನಮ್ಮ ತಂಡ ಪ್ರಾಂತ್ಯದ ಮೇಲಿನ ದರ್ಜೆಯ ಲೀಗಿಗೆ ಏರುವ ಹೊಸ್ತಿಲಲ್ಲಿತ್ತು. ಕೊನೆಯ ಪಂದ್ಯ ನಮ್ಮಲ್ಲೇ. ಸಮ ಮಾಡಿಕೊಂಡರೂ ಸಾಕಿತ್ತು. ಪಂದ್ಯದ ಹಿಂದಿನ ದಿನ ಬಿರುಗಾಳಿ ಬೀಸಿ ಕಾರ್ಖಾನೆ ಕಡೆಯ ಗೋಲಿನ ಮರದ ಕಂಬ ಬುಡಕ್ಕೇ ಮುರಿಯಿತು, ಮೆಟ್ಟಿಲ ಮೇಲಿನ ತಗಡುಗಳೂ ಎದ್ದವು. ಕಾರ್ಖಾನೆಯ ವೆಲ್ಡರುಗಳು ಸಂಜೆಯೊಳಗೆ ಕಬ್ಬಿಣದ ಕಂಬ ಮಾಡಿ ತಂದು ನಿಲ್ಲಿಸಿ ಹೋದರು. ಮಾವ ಆಗ ಮಾಡಿನ ಮೇಲೆ ತಗಡಿಗೆ ಮೊಳೆ ಹೊಡೆಯುತ್ತಿದ್ದರು. ಕೆಳಗಿನಿಂದ ವೆಲ್ಡರುಗಳು "ಆಯ್ತು ಅಣ್ಣೋ!" ಎಂದರು. ಬಾಯಲ್ಲಿ ಮೊಳೆ ಕಚ್ಚಿಕೊಂಡೇ ಮಾವ "ಹ್ಞೂಂ" ಎಂದರು.

ಪಂದ್ಯದ ಬೆಳಿಗ್ಗೆ ದಟ್ಟ ಮಂಜು. ಬಕೆಟ್ಟಿನ ಬಳಿ ಕೂತ ನನಗೆ ಮಾವನ ಗಾಡಿಯ ಕಿರಗುಟ್ಟುವ ಸದ್ದು ಮಾತ್ರ ಕೇಳುತ್ತಿತ್ತು. ಅವರು ಎಂದಿನಂತೆ ತಲೆ ಬಗ್ಗಿಸಿ, ಕಲೆ ನೋಡಿಕೊಂಡು, ಗೆರೆ ಎಳೆದು ಬಂದರು.

ರೆಫ್ರಿ ಬಂದ ಬಸ್ಸೂ ಮಂಜಿನಿಂದಲೇ ತಡವಾಯಿತು. ಪಾಪ, ಬೂಟಿನ ಲೇಸು ಕಟ್ಟಿಕೊಳ್ಳುತ್ತಲೇ ಮೈದಾನಕ್ಕೆ ಓಡಿದರು. ಆಟಕ್ಕೆ ಮೊದಲು ಗೆರೆ, ಬಲೆ, ಕಂಬಗಳನ್ನು ಸುತ್ತು ಹಾಕಿ ನೋಡಲು ಅವರಿಗೆ ಪುರುಸೊತ್ತೆಲ್ಲಿ?

ಆಟ ಮುಗಿಯುತ್ತ ಬಂದರೂ ಯಾರ ಗೋಲೂ ಆಗಿರಲಿಲ್ಲ. ನಾನು ಮೆಟ್ಟಿಲುಗಳ ಸಂದಿನಿಂದ ನೋಡುತ್ತಿದ್ದೆ. ಎದುರು ತಂಡದ ಸಣಕಲ ಆಟಗಾರನೊಬ್ಬ ಒದ್ದ ಚೆಂಡು ಯಾರದೋ ಕಾಲಿಗೆ ತಾಗಿ, ವೇಗ ಕಳೆದುಕೊಂಡು, ದಣಿದ ಮುದುಕನ ಹಾಗೆ ಗೋಲಿನ ಮೂಲೆಗೆ ಉರುಳಿತು. ಬೀಗಣ್ಣ ಒಂದು ಕೈಯಲ್ಲಿ ಕಂಬ ತಡವಿ, ಚೆಂಡಿನ ಮೇಲೆ ಬಿದ್ದು, ಅದನ್ನು ಅಲ್ಲೇ ಒತ್ತಿ ಹಿಡಿದರು. ರೆಫ್ರಿ ಓಡಿಬಂದು ಬಗ್ಗಿ ನೋಡಿದರು. ಚೆಂಡು ಬಿಳಿ ಗೆರೆಯನ್ನು ಪೂರ್ತಿ ದಾಟಿತ್ತು. ಸೀಟಿ ಊದಿ, ಗೋಲು ಎಂದು ಮೈದಾನದ ನಡುವಿಗೆ ಕೈ ತೋರಿಸಿದರು.

ನಾನು ಚಾವಣಿ ನೋಡಿದೆ. ಧೂಳು ಬೀಳಲಿಲ್ಲ.

ಆ ಸಂಜೆ ಗೆದ್ದವರು ನಮ್ಮವರಿಗೆ ತಟ್ಟೆ ಕೊಟ್ಟರು. ಗೋಲು ಹೊಡೆದ ಸಣಕಲ ಮನುಷ್ಯನೇ ಬೀಗಣ್ಣನ ಮುಂದೆ ನಿಂತ. ಅವನು ತಟ್ಟೆಯಲ್ಲಿದ್ದ ಚಿಕ್ಕ ಆಲೂಗಡ್ಡೆ ತೆಗೆದು ದೊಡ್ಡದನ್ನು ಹುಡುಕಿ ಹಾಕಿದ್ದನ್ನು ನಾನು ನೋಡಿದೆ. ಬೀಗಣ್ಣ ಮೊದಲ ತುತ್ತು ನುಂಗಿದರು. ಕೋಣೆಗೆ ಮಾತು ಬಂತು.

ಮೊದಲು ಬಾಯಿ ತೆರೆದವರು ಕ್ಲಬ್ಬಿನ ಜರ್ಸಿ ಹೊಲಿಯುತ್ತಿದ್ದ ದರ್ಜಿ. ಕಮಿಟಿಯಲ್ಲೂ ಅವರಿದ್ದರು. "ಏನಯ್ಯಾ ಬೀಗ, ಚೆಂಡಿಗೆ ಒಳಗೆ ಬಾ, ಕೂತ್ಕೋ ಅಂತ ಮಣೆ ಹಾಕ್ಬಿಟ್ಯಲ್ಲ? ಗೆರೆ ಎಲ್ಲಿದೆ ಅಂತ ಕಾಣಲ್ವಾ?"

"ತುಕ್ಕು ಹಿಡಿದಿದೆ, ಎಣ್ಣೆ ಹಾಕಿಸ್ಕೋತೀನಿ" ಎಂದರು ಬೀಗಣ್ಣ. ಎಲ್ಲರೂ ನಕ್ಕರು. ಅವರು ಆಲೂಗಡ್ಡೆಯ ಸಿಪ್ಪೆಯನ್ನು ತಟ್ಟೆಯ ಅಂಚಿಗೆ ಒತ್ತರಿಸಿಟ್ಟು, ಅಮ್ಮನಿಂದ ಇನ್ನೊಂದು ಸೌಟು ಸೂಪು ಹಾಕಿಸಿಕೊಂಡರು.

ಮರುದಿನ ಬೆಳಿಗ್ಗೆ ನಾನು ಚಹಾ ಕೊಡಲು ಹೋದಾಗ ಮಾವ ಗೋಲಿನ ಬಲೆ ಬಿಚ್ಚುವುದನ್ನು ಅರ್ಧಕ್ಕೆ ಬಿಟ್ಟು ನೆಲದಲ್ಲಿ ಕುಕ್ಕರಗಾಲಲ್ಲಿ ಕೂತಿದ್ದರು. ಮಂಜು ಇರಲಿಲ್ಲ. ಅವರ ಹೆಬ್ಬೆರಳು ಬಿಳಿ ಗೆರೆಯ ಮೇಲಿತ್ತು, ಕಿರುಬೆರಳು ಕಬ್ಬಿಣದ ಕಂಬಕ್ಕೆ ತಾಗಿತ್ತು. ನಡುವೆ ಸರಿಯಾಗಿ ಒಂದು ಗೇಣು. ಕಂಬ ಗೆರೆಯ ಮೇಲೇ ನಿಂತಿರಬೇಕಾದದ್ದು ನಿಯಮ, ಅದು ನನಗೂ ಗೊತ್ತಿತ್ತು. ಹಳೆಯ ಕಂಬದ ಬುಡ ಕಿತ್ತು ಬರದೆ ವೆಲ್ಡರುಗಳು ಅದರ ಹಿಂದೆ ಹೊಸ ಗುಂಡಿ ತೋಡಿದ್ದರು. ಮಾವನ ಸುಣ್ಣ ಹಳೆಯ ಕಲೆಯನ್ನೇ ಹಿಡಿದು ಹೋಗಿತ್ತು. ಗೆರೆ ಇರಬೇಕಾದಂತೆ ಕಂಬದ ಬಳಿ ಇದ್ದಿದ್ದರೆ ಚೆಂಡು ಅದನ್ನು ದಾಟದೆ ಅದರ ಮೇಲೇ ನಿಂತಂತಾಗುತ್ತಿತ್ತು. ಗೋಲಿಲ್ಲ. ಬೀಗಣ್ಣ ಚೆಂಡನ್ನು ತಡೆದಿದ್ದರು.

ಮಾವ ಚಹಾ ತೆಗೆದುಕೊಂಡರು. ಕುಡಿಯಲಿಲ್ಲ. ಲೋಟ ಕಂಬದ ಬುಡದಲ್ಲೇ ತಣ್ಣಗಾಯಿತು.

ಯಾರೂ ನೋಡಿರಲಿಲ್ಲ. ಪಂದ್ಯಗಳು ಮುಗಿದಿದ್ದವು. ಎರಡು ಮಳೆ ಬಂದರೆ ಬಿಳಿ ಹೋಗುತ್ತಿತ್ತು, ಕಲೆಯ ಮೇಲೆ ನಾಲ್ಕು ಹಿಡಿ ಮಣ್ಣೆಳೆದರೆ ಹುಲ್ಲು ಬರುತ್ತಿತ್ತು. ಎರಡು ದಿನ ಕಳೆದ ಮೇಲೆ ಒಂದು ಸಂಜೆ ಮಾವ ಅಮ್ಮನಿಗೆ ಹೇಳುತ್ತಿದ್ದದ್ದು ನನಗೆ ಕೇಳಿಸಿತು.

"ಹೇಳಿದ್ರೆ ಕೆಲಸ ಹೋಗುತ್ತೆ. ಕೆಲಸ ಹೋದ್ರೆ ಈ ಕೋಣೆನೂ ಹೋಯ್ತು. ನಿನ್ನನ್ನೂ ಮಗೂನೂ ಕರ್ಕೊಂಡು ಎಲ್ಲಿಗೆ ಹೋಗ್ಲಿ?"

"ಹೇಳದಿದ್ರೆ?"

"ಹೇಳದಿದ್ರೆ ಏನಾಗುತ್ತೆ, ನೋಡ್ತಾ ಇದ್ದೀಯಲ್ಲ."

ನಾವೆಲ್ಲ ನೋಡುತ್ತಿದ್ದೆವು. ಬೀಗಣ್ಣ ಬೀದಿಯಲ್ಲಿ ಹೋದರೆ ಕ್ಷೌರದಂಗಡಿಯಿಂದ ಒಬ್ಬ "ಬಾಗಿಲು ತೆಗೆದೇ ಇದೆ, ಬನ್ನಿ ಬನ್ನಿ" ಎಂದು ಕೂಗುತ್ತಿದ್ದ. ಕಾರ್ಖಾನೆಯಲ್ಲಿ ಅವರ ಬಟ್ಟೆ ಪೆಟ್ಟಿಗೆಗೆ ಯಾರೋ ತುಕ್ಕು ಹಿಡಿದ ಬೀಗವೊಂದನ್ನು ನೇತುಹಾಕಿದ್ದರಂತೆ. ಹತ್ತಾರು ವರ್ಷ ಗೋಲು ಕಾಯ್ದ ಮನುಷ್ಯನನ್ನು ಇಳಿಸಿ, ದರ್ಜಿಯ ಅಕ್ಕನ ಮಗನನ್ನು ನಿಲ್ಲಿಸುವ ಮಾತು ಎದ್ದಿತ್ತು. ಅದನ್ನು ತೀರ್ಮಾನಿಸಲು ಶನಿವಾರ ಕಮಿಟಿ ಸೇರುವುದಿತ್ತು.

ಅಮ್ಮ ಪಾತ್ರೆ ಒರೆಸುತ್ತಿದ್ದಳು. ಒರೆಸಿದ್ದನ್ನೇ ಇನ್ನೊಮ್ಮೆ ಒರೆಸಿದಳು.

"ಕೋಣೆ ಹುಡುಕ್ಬಹುದು ಅಣ್ಣಾ" ಎಂದಳು. ಅಷ್ಟೇ.

ಆದರೂ ಮಾವ ಹೇಳಲಿಲ್ಲ, ಶನಿವಾರದವರೆಗೂ. ಊಟಕ್ಕೆ ಕರೆದರೆ "ಹಸಿವಿಲ್ಲ" ಎನ್ನುವರು. ಬಲೆಯ ಹರಿದ ಕಣ್ಣುಗಳನ್ನು ಹೆಣೆಯುವರು, ಹೆಣೆದದ್ದನ್ನು ಬಿಚ್ಚುವರು. ಅಮ್ಮ ಮುಚ್ಚಿಟ್ಟ ತಟ್ಟೆ ಬೆಳಿಗ್ಗೆ ಮುಚ್ಚಿದಂತೆಯೇ ಇರುತ್ತಿತ್ತು. ಅವಳು ಬೈಯಲಿಲ್ಲ, ಒತ್ತಾಯವನ್ನೂ ಮಾಡಲಿಲ್ಲ. ಮತ್ತೆ ಬಿಸಿ ಮಾಡಿ ಮತ್ತೆ ಮುಚ್ಚಿಡುತ್ತಿದ್ದಳು. ಮಣ್ಣೆಳೆಯುವುದಕ್ಕೂ ಮಾವ ಹೋಗಲಿಲ್ಲ. ಗೆರೆ ಹಾಗೇ ಇತ್ತು.

ಶನಿವಾರ ಕಮಿಟಿಯವರು ಉದ್ದನೆಯ ಕೋಣೆಯಲ್ಲಿ ಸೇರಿದರು. ಕಾರ್ಯದರ್ಶಿ ಊರಿನ ಔಷಧಿ ಅಂಗಡಿಯವರು. ಶೀಶೆಯಿಂದ ಹನಿ ಲೆಕ್ಕದಲ್ಲಿ ಔಷಧಿ ಬಿಡುವ ಹಾಗೆಯೇ ಮಾತಾಡುವವರು. ಬೀಗಣ್ಣನನ್ನೂ ಕರೆಸಿದ್ದರು. ಅವರು ಬಾಗಿಲ ಬಳಿಯ ಬೆಂಚಿನಲ್ಲಿ, ಆ ದೊಡ್ಡ ಕೈಗಳನ್ನು ಎಲ್ಲಿಡುವುದೆಂದು ತಿಳಿಯದೆ ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದರು. ನಾನು ಅಡಿಗೆಮನೆಯಲ್ಲಿ ಕಮಿಟಿಯವರ ಊಟಕ್ಕೆಂದು ಅಮ್ಮನಿಗೆ ಬ್ರೆಡ್ಡು ಕೊಯ್ದುಕೊಡುತ್ತಿದ್ದೆ. ನಡುವಿನ ಬಾಗಿಲು ತೆರೆದಿತ್ತು.

"ಕಣ್ಣು ಮಂಜಾಗಿದ್ರೆ ತಪ್ಪಿಲ್ಲಪ್ಪ. ಒಪ್ಕೊಂಡು ಇಳಿಯೋದು ದೊಡ್ಡತನ" ಎಂದು ದರ್ಜಿ ಶುರು ಮಾಡುತ್ತಿದ್ದಂತೆ ಮಾವ ಒಳಗೆ ಬಂದು ಮೇಜಿನ ಕೊನೆಯಲ್ಲಿ ನಿಂತರು.

"ಅವನ ಕಣ್ಣು ಸರಿಯಾಗಿದೆ. ನನ್ನ ಗೆರೆ ತಪ್ಪಿದ್ದು."

ಹೇಳಿದರು. ಮುರಿದ ಕಂಬ, ಹೊಸ ಗುಂಡಿ, ಮಂಜು, ಹಳೆಯ ಕಲೆ, ಎಲ್ಲ. ಹಗ್ಗ ಹಿಡಿಯದ ತನ್ನ ಜಂಭವನ್ನೂ ಬಿಡದೆ ಹೇಳಿದರು. "ಹೋಗಿ ನೋಡ್ಬಹುದು. ಅಳಿಸಿಲ್ಲ" ಎಂದರು. ಒಂದಿಬ್ಬರು ಎದ್ದು ಹೋಗಿ ನೋಡಿ ಬಂದರು. ಅವರ ಬೂಟಿನ ತುದಿಗೆ ಸುಣ್ಣ ಮೆತ್ತಿತ್ತು.

"ಅಂದ್ರೆ ನಾವು ಸೋತಿದ್ದು ಅವರಿಗಲ್ಲ, ನಿನ್ನ ಬಕೆಟ್ಟಿಗೆ!" ದರ್ಜಿಯ ಧ್ವನಿ ಏರಿತು. "ದೂರು ಕೊಡೋಣ. ಪಂದ್ಯ ಮತ್ತೆ ಆಡಿಸ್ಲಿ."

"ಯಾರ ಮೇಲೆ ಕೊಡ್ತೀರಿ?" ಎಂದರು ಕಾರ್ಯದರ್ಶಿ. "ಮೈದಾನ ನಮ್ದು, ಕಂಬ ನಮ್ದು, ಸುಣ್ಣ ನಮ್ದು. ನಮ್ಮ ಕಾಲಿಗೆ ನಾವೇ ಎಡವಿ, ದಾರಿ ಮೇಲೆ ದೂರು ಕೊಡೋದಾ?"

ದರ್ಜಿ ಸುಮ್ಮನಾಗಲಿಲ್ಲ. "ಹಾಗಾದ್ರೆ ಇವರನ್ನ ಇನ್ನೂ ಇಟ್ಕೋಬೇಕಾ? ಕೋಣೆ ಖಾಲಿ ಮಾಡಿಸಿ."

ನಾನು ಚಾಕು ಕೆಳಗಿಟ್ಟು ಅಮ್ಮನನ್ನು ನೋಡಿದೆ. ಅಮ್ಮ ತಿರುಗಿ ನೋಡಲಿಲ್ಲ. ಸೂಪಿನ ಪಾತ್ರೆಯ ಕೆಳಗಿನ ಉರಿ ತಗ್ಗಿಸಿದಳು.

ಕಾರ್ಯದರ್ಶಿ ಬೀಗಣ್ಣನ ಕಡೆ ತಿರುಗಿದರು. "ಅಲ್ಲಪ್ಪ, ನಿನಗೆ ಅವತ್ತೇ ಗೊತ್ತಾಗ್ಲಿಲ್ವಾ?"

"ಗೊತ್ತಾಯ್ತು. ಕೈ ಕಂಬದ ಮೇಲೇ ಇತ್ತಲ್ಲ."

"ಮತ್ಯಾಕೆ ಬಾಯಿ ಬಿಡಲಿಲ್ಲ ಮಾರಾಯಾ?"

ಬೀಗಣ್ಣ ಚಾವಣಿ ನೋಡಿದರು. ಅಲ್ಲಿನ ತಲೆಕೆಳಗಾದ ಅಕ್ಷರಗಳನ್ನು ಓದುವವರಂತೆ ನೋಡಿದರು.

"ಸೀಟಿ ಊದಿದ್ಮೇಲೆ ಗೋಲು ವಾಪಸ್ ಬರ್ತದಾ? ಆಮೇಲೆ ಇಲ್ಲಿಗೆ ಬಂದ್ವಿ. ಅಕ್ಕ ಸೌಟು ಹಿಡ್ಕೊಂಡು ನಿಂತಿದ್ರು. ಈ ಕೂಸು ಬ್ರೆಡ್ಡು ತಂದಿಡ್ತಿತ್ತು. ಅವರ ಎದುರಿಗೆ ಹೇಳೋ ಮಾತಾ ಅದು?"

ಅವರು ಒಂದೇ ಸಲಕ್ಕೆ ಅಷ್ಟು ಮಾತಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು.

ಮಾವ ಪಕ್ಕದ ಬೆಂಚು ಎಳೆದುಕೊಂಡರು. ಕೈಯಲ್ಲಿದ್ದ ಟೋಪಿಯನ್ನು ಮೇಜಿನ ಮೇಲಿಟ್ಟು, ಅದನ್ನೇ ನೋಡುತ್ತ ಕೂತರು. ದರ್ಜಿ ಏನೋ ಹೇಳಹೊರಟು, ಪಕ್ಕದವರು ತೋಳು ಹಿಡಿದಿದ್ದರಿಂದ ನುಂಗಿಕೊಂಡರು.

"ಏಟು ಬಿದ್ದಿದ್ದು ನಿನಗೆ" ಎಂದರು ಕಾರ್ಯದರ್ಶಿ, ನಿಧಾನವಾಗಿ. "ಹೆಸರು ಕೆಟ್ಟಿದ್ದು ನಿಂದು. ಇವರು ಇರಬೇಕೋ ಹೋಗಬೇಕೋ, ನೀನೇ ಹೇಳು. ಕಮಿಟಿ ಅದಕ್ಕೆ ಎದುರಾಡಲ್ಲ."

ಬೀಗಣ್ಣ ಎದ್ದರು. ಹೊರಗೆ ಹೋಗುತ್ತಾರೆಂದುಕೊಂಡೆ. ಅವರು ಅಡಿಗೆಮನೆಗೆ ಬಂದರು. ಅಮ್ಮ ಪಕ್ಕಕ್ಕೆ ಸರಿದಳು. ಕಪಾಟಿನಿಂದ ಒಂದು ತಟ್ಟೆ, ಒಂದು ಬಟ್ಟಲು ತೆಗೆದುಕೊಂಡರು. ಬಟ್ಟಲಿಗೆ ಸೂಪು ಬಡಿಸಿಕೊಂಡರು, ತಳ ಕೆದಕಿ, ತರಕಾರಿ ಹೆಚ್ಚಿರುವ ಕಡೆಯಿಂದ. ಒಂದು ಮೊಟ್ಟೆ ಇಟ್ಟರು. ಆಲೂಗಡ್ಡೆಯ ಪಾತ್ರೆಯಲ್ಲಿ ಸ್ವಲ್ಪ ಹುಡುಕಿದರು. ನಾನು ಕೊಯ್ದಿದ್ದ ಬ್ರೆಡ್ಡಿನ ಚೂರುಗಳಲ್ಲಿ ದಪ್ಪನೆಯದನ್ನು ಎತ್ತಿ ಅಂಚಿಗೆ ಒರಗಿಸಿದರು.

ಅವರು ಮೇಜನ್ನು ಸುತ್ತಿ ಬಂದು, ಒಂದು ಮಾತೂ ಆಡದೆ, ತಟ್ಟೆಯನ್ನು ಮಾವನ ಕೈಗಿಟ್ಟು ಸರಿದು ನಿಂತರು.